ಸರಳ ಮಾಡೆಲ್ ಸಾವಿರಾರು ಸಲ ಓಡಿಸಿ ಬಂದ ಪಿ10–ಪಿ90 ಪಟ್ಟಿಯನ್ನು ಎಷ್ಟು ನಂಬಬೇಕು?

ಹೂಟಗಳ್ಳಿ ಕೋಡರ್

ನಾನಿರುವುದು ಮೈಸೂರಿನಲ್ಲಿ, ಕೆಲಸ ಮಾತ್ರ ಸಮುದ್ರದಾಚೆಯ ಒಂದು ಎಣ್ಣೆ ಕ್ಷೇತ್ರದ್ದು. ಗ್ರಾಹಕರು ಕೊಟ್ಟ ದೊಡ್ಡ ಸಿಮ್ಯುಲೇಶನ್ ಮಾಡೆಲ್‌ನಲ್ಲಿ ಕಲ್ಲನ್ನು ಹತ್ತು ಲಕ್ಷದ ಹತ್ತಿರ ಸೆಲ್‌ಗಳಾಗಿ, ಅಂದರೆ ಪುಟ್ಟ ತುಂಡುಗಳಾಗಿ ಒಡೆದಿದ್ದಾರೆ. ಅದನ್ನು ಒಂದು ಸಲ ಓಡಿಸಲು ಒಂದು ರಾತ್ರಿ ಬೇಕು. ಹಾಗಾಗಿ ಸೆಲ್‌ಗಳನ್ನು ಗುಂಪು ಮಾಡಿ ಕೆಲವೇ ಸಾವಿರಕ್ಕೆ ಇಳಿಸಿದ ಸಣ್ಣ ಮಾಡೆಲ್ ಮಾಡಿಕೊಂಡಿದ್ದೇವೆ. ಇದು ಅರ್ಧ ನಿಮಿಷದಲ್ಲಿ ಮುಗಿಯುತ್ತದೆ.

ಕಲ್ಲಿನೊಳಗೆ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ (ಪರ್ಮಿಯಬಿಲಿಟಿ), ಫಾಲ್ಟ್ (ಕಲ್ಲು ಸೀಳಿ ಸರಿದ ಜಾಗ) ಎಷ್ಟು ಸೋರುತ್ತದೆ, ಕೆಳಗಿನ ನೀರು ಎಷ್ಟು ಒತ್ತುತ್ತದೆ, ಇವನ್ನೆಲ್ಲ ಬದಲಿಸುತ್ತಾ ಸಾವಿರಾರು ಸಲ ಓಡಿಸಿದೆವು. ಹಳೆಯ ಉತ್ಪಾದನೆಯ ಲೆಕ್ಕಕ್ಕೆ ಹೊಂದಿದವನ್ನು ಇಟ್ಟುಕೊಂಡು, ಹೊಂದದವನ್ನು ಬಿಟ್ಟು, ಮುಂದಿನ 10 ವರ್ಷದ ಅಂದಾಜು ತೆಗೆದೆವು. ಬಂದ ಪಟ್ಟಿ, ಅಂದರೆ ಕಡಿಮೆ ಅಂದಾಜಿನಿಂದ ದೊಡ್ಡ ಅಂದಾಜಿನವರೆಗಿನ ಹರವು, ತೀರಾ ಕಿರಿದು. ಪಿ10ಕ್ಕೂ ಪಿ90ಕ್ಕೂ ನಡುವೆ ಕೂದಲೆಳೆ ಅಂತರ. ಮ್ಯಾನೇಜರ್‌ಗೆ ಖುಷಿ, ನನಗೆ ಅನುಮಾನ. ನೆಲದ ಕೆಳಗೆ ಎರಡು ಕಿಲೋಮೀಟರ್ ಆಳದಲ್ಲಿ ಇರುವ, ಯಾರೂ ಕಣ್ಣಾರೆ ನೋಡದ ಕಲ್ಲಿನ ಬಗ್ಗೆ ನಮಗೆ ಇಷ್ಟು ಗ್ಯಾರಂಟಿ ಎಲ್ಲಿಂದ ಬಂತು? ಇನ್ನೂ ಜಾಸ್ತಿ ಸಲ ಓಡಿಸಿದರೆ ಸರಿಹೋಗುತ್ತದಾ? ಈ ಕಡೆ ಅನುಭವ ಇರುವವರು ಯಾರಾದರೂ ಇದ್ದರೆ ಹೇಳಿ.

ಸುಮ್ನೆ ಓದೋನು

ಮೊದಲು ಈ ಪಿ10, ಪಿ90 ಏನು ಅಂತ ಹೇಳಿಬಿಡಿ ಗುರು. ನಾನು ಬ್ಯಾಂಕಿನವನು, ತಲೆಬರಹ ನೋಡಿ ಒಳಗೆ ಬಂದೆ.

ಹೂಟಗಳ್ಳಿ ಕೋಡರ್

ಎಣ್ಣೆ ಕೆಲಸದಲ್ಲಿ ಪಿ90 ಅಂದರೆ ಕಡಿಮೆ ಅಂಕಿ. ಕನಿಷ್ಠ ಇಷ್ಟಾದರೂ ಸಿಗುವ ಸಾಧ್ಯತೆ ನೂರಕ್ಕೆ 90. ಪಿ10 ಅಂದರೆ ದೊಡ್ಡ ಅಂಕಿ, ಅಷ್ಟೋ ಅದಕ್ಕಿಂತ ಜಾಸ್ತಿಯೋ ಸಿಗುವ ಸಾಧ್ಯತೆ ನೂರಕ್ಕೆ 10 ಮಾತ್ರ. ಬೇರೆ ಕಡೆ ಸಂಖ್ಯಾಶಾಸ್ತ್ರ ಓದಿದವರಿಗೆ ಇದು ಉಲ್ಟಾ ಕಾಣುತ್ತದೆ. ಎರಡರ ನಡುವಿನ ಪಟ್ಟಿಯೊಳಗೆ ನಿಜವಾದ ಫಲಿತಾಂಶ ನೂರಕ್ಕೆ 80 ಸಲ ಬೀಳಬೇಕು.

ಗಲ್ಫ್ ರಿಟರ್ನ್, ಮಂಡ್ಯ

ಬಂದೆ ಕಣಪ್ಪ. ಮರಳುಗಾಡಿನಲ್ಲಿ ಇದೇ ಕೆಲಸ ಮಾಡಿ, ಈಗ ಊರಲ್ಲಿ ಕಬ್ಬು ಹಾಕಿಕೊಂಡು ಕೂತಿದ್ದೇನೆ.

ನಿನ್ನ ಅನುಮಾನ ಸರಿಯಾಗಿದೆ. ಜಾಸ್ತಿ ಓಡಿಸಿದರೆ ಏನೂ ಸರಿಹೋಗುವುದಿಲ್ಲ. ನೂರು ಪಟ್ಟು ಜಾಸ್ತಿ ಓಡಿಸಿದರೆ ಸ್ಯಾಂಪಲ್ ಕಡಿಮೆ ಆದದ್ದರಿಂದ ಬರುವ ತಪ್ಪು ಹತ್ತನೇ ಒಂದಕ್ಕೆ ಇಳಿಯುತ್ತದೆ, ಅಷ್ಟೇ. ಸಣ್ಣ ಮಾಡೆಲ್‌ನಲ್ಲೇ ಇರುವ ತಪ್ಪು ಹಾಗೇ ಕೂತಿರುತ್ತದೆ. ಅದು ಪ್ರತಿ ಓಟದಲ್ಲೂ ಇದೆ, ಆದರೆ ನಿನ್ನ ಪಟ್ಟಿಯಲ್ಲಿ ಎಲ್ಲೂ ಲೆಕ್ಕಕ್ಕೆ ಬಂದಿಲ್ಲ.

ನಮ್ಮ ಕಡೆ ಸಕ್ಕರೆ ಕಾರ್ಖಾನೆಯ ಫೀಲ್ಡ್‌ಮನ್ ಬರುತ್ತಾನಲ್ಲ, ಬದುವಿನ ಮೇಲೆ ನಡೆದುಕೊಂಡು ಹೋಗಿ ‘ಇದು ಎಕರೆಗೆ 50 ಟನ್, ಇದು 45’ ಅಂತ ಬರೆದುಕೊಂಡು ಹೋಗುತ್ತಾನೆ. ಅವನ ಕಣ್ಣಿಗೆ ಅಂಚಿನ ಕಬ್ಬು ಕಾಣುತ್ತದೆ, ಅಂಚಿನಲ್ಲಿ ಬಿಸಿಲು ಜಾಸ್ತಿ, ಕಬ್ಬು ದಪ್ಪ. ಹಾಗಾಗಿ ಎಲ್ಲ ಗದ್ದೆಗೂ ಅವನು ಸ್ವಲ್ಪ ಜಾಸ್ತಿಯೇ ಬರೆಯುತ್ತಾನೆ ಅಂದುಕೋ. ಅವನನ್ನು ಇನ್ನೂ ಸಾವಿರ ಗದ್ದೆಗೆ ಕಳಿಸಿದರೆ ಆ ತಪ್ಪು ಹೋಗುತ್ತದಾ? ಇಲ್ಲ. ಹತ್ತಿಪ್ಪತ್ತು ಗದ್ದೆಯ ಕಬ್ಬು ಕಡಿದು ವೇಬ್ರಿಡ್ಜ್ ಮೇಲೆ ಹಾಕಿ, ಅವನು ಬರೆದದ್ದಕ್ಕೂ ತೂಕಕ್ಕೂ ವ್ಯತ್ಯಾಸ ಎಷ್ಟು, ಆ ವ್ಯತ್ಯಾಸ ಗದ್ದೆಯಿಂದ ಗದ್ದೆಗೆ ಎಷ್ಟು ಏರುಪೇರಾಗುತ್ತದೆ ಅಂತ ನೋಡಬೇಕು. ಆಮೇಲೆ ತೂಕ ಹಾಕದ ಗದ್ದೆಗಳ ಅಂಕಿಯನ್ನೂ ತಿದ್ದಬಹುದು, ಎಷ್ಟು ಅನುಮಾನ ಉಳಿಯಿತು ಅಂತಲೂ ಹೇಳಬಹುದು.

ನಿನ್ನ ಸಣ್ಣ ಮಾಡೆಲ್ ಆ ಫೀಲ್ಡ್‌ಮನ್, ದೊಡ್ಡ ಮಾಡೆಲ್ ವೇಬ್ರಿಡ್ಜ್. ದೊಡ್ಡದನ್ನು ಸಾವಿರ ಸಲ ಓಡಿಸಲು ಆಗದು, ಆದರೆ ಇಪ್ಪತ್ತು ಮೂವತ್ತು ಸಲ ಓಡಿಸಬಹುದಲ್ವಾ? ಅದೇ ಇಪ್ಪತ್ತು ಮೂವತ್ತು ಕಡೆ ಸಣ್ಣದನ್ನೂ ಓಡಿಸು. ವ್ಯತ್ಯಾಸ ಕಲಿ.

ಗಂಗೋತ್ರಿ ಸ್ಟ್ಯಾಟ್ಸ್

ಸಾರ್ ಹೇಳಿದ್ದು ಪೂರ್ತಿ ಸರಿ. ಇದು ಹೊಸ ವಿಷಯವೂ ಅಲ್ಲ. ಎಡಿನ್‌ಬರೋದ ಹೆರಿಯಟ್-ವಾಟ್ ವಿಶ್ವವಿದ್ಯಾಲಯದಲ್ಲಿ ಮೈಕ್ ಕ್ರಿಸ್ಟಿ ಮತ್ತು ಅಲಾನಾ ಓಸಲಿವನ್ 2005ರ ಸುಮಾರಿಗೆ ಇದನ್ನೇ ಮಾಡಿ ತೋರಿಸಿದ್ದಾರೆ. ಒರಟು ಗ್ರಿಡ್ಡಿಗೂ (ದೊಡ್ಡ ಸೆಲ್‌ಗಳ ಜಾಲ) ನುಣ್ಣನೆಯ ಗ್ರಿಡ್ಡಿಗೂ (ಪುಟ್ಟ ಸೆಲ್‌ಗಳ ಜಾಲ) ಇರುವ ವ್ಯತ್ಯಾಸಕ್ಕೇ ಒಂದು ಸಂಖ್ಯಾಶಾಸ್ತ್ರದ ಮಾಡೆಲ್ ಕಟ್ಟುವುದು, ಹಿಸ್ಟರಿ ಮ್ಯಾಚ್, ಅಂದರೆ ಹಳೆಯ ಲೆಕ್ಕಕ್ಕೆ ಹೊಂದಿಸುವ ಕೆಲಸ ಮಾಡುವಾಗಲೇ ಅದನ್ನು ಒಳಗೆ ಸೇರಿಸುವುದು.

ಒಳಗೆ ಸೇರಿಸುವುದು ಅನ್ನುವುದು ಮುಖ್ಯ. ಕೊನೆಗೆ ಪಟ್ಟಿಯನ್ನು ಸುಮ್ನೆ ಎರಡೂ ಕಡೆ ಒಂದಿಷ್ಟು ಅಗಲ ಮಾಡಿದರೆ ಸಾಲದು. ಯಾಕೆ ಅಂತ ಹೇಳುತ್ತೇನೆ. ಸಣ್ಣ ಮಾಡೆಲ್‌ನಲ್ಲಿ ಎಣ್ಣೆಯನ್ನು ತಳ್ಳುವ ನೀರು ಬಾವಿಗೆ ನಿಜಕ್ಕಿಂತ ಆರು ತಿಂಗಳು ಮೊದಲೇ ಬರುತ್ತದೆ ಅಂತಿಟ್ಟುಕೊಳ್ಳಿ. ಹಳೆಯ ಲೆಕ್ಕಕ್ಕೆ ಹೊಂದಿಸುವ ಪ್ರೋಗ್ರಾಮಿಗೆ ಇದು ಗ್ರಿಡ್ಡಿನ ತಪ್ಪು ಅಂತ ಗೊತ್ತಿಲ್ಲ. ಅದು ಪರ್ಮಿಯಬಿಲಿಟಿಯನ್ನು ಕಡಿಮೆ ಮಾಡಿ ನೀರನ್ನು ತಡವಾಗಿಸುತ್ತದೆ. ಹಳೆಯ ಅಂಕಿಗೆ ಚೆಂದವಾಗಿ ಹೊಂದುತ್ತದೆ. ಆದರೆ ಈಗ ಕಲ್ಲಿನ ಗುಣವೇ ತಪ್ಪಾಗಿದೆ. ಒಂದು ತಪ್ಪನ್ನು ಮುಚ್ಚಲು ಇನ್ನೊಂದು ತಪ್ಪು. ಮುಂದಿನ 10 ವರ್ಷಕ್ಕೆ ಹೋದಾಗ ಎರಡೂ ಒಂದನ್ನೊಂದು ಮುಚ್ಚಬೇಕು ಅಂತ ಏನೂ ಇಲ್ಲ. ಪಟ್ಟಿ ಕಿರಿದಾಗಿರುವುದಷ್ಟೇ ಅಲ್ಲ, ಇರಬೇಕಾದ ಜಾಗದಲ್ಲೇ ಇರುವುದಿಲ್ಲ.

ಕುವೆಂಪುನಗರ ಎಂಎಲ್

ಇಷ್ಟೆಲ್ಲ ಯಾಕೆ? ಒಂದು ನ್ಯೂರಲ್ ನೆಟ್‌ವರ್ಕ್ ಟ್ರೈನ್ ಮಾಡಿ, ಸಣ್ಣ ಮಾಡೆಲ್‌ನ ಸಾವಿರಾರು ಓಟ ಇವೆಯಲ್ಲ, ಡೇಟಾ ಸಾಕು. ಸೆಕೆಂಡಿನಲ್ಲಿ ಲಕ್ಷ ಅಂದಾಜು ಸಿಗುತ್ತದೆ.

ಗಂಗೋತ್ರಿ ಸ್ಟ್ಯಾಟ್ಸ್

ಸಣ್ಣ ಮಾಡೆಲ್‌ನಿಂದ ಕಲಿತ ನೆಟ್‌ವರ್ಕ್ ಸಣ್ಣ ಮಾಡೆಲ್‌ನ ತಪ್ಪನ್ನೂ ನಿಷ್ಠೆಯಿಂದ ಕಲಿಯುತ್ತದೆ. ತಪ್ಪು ಅಷ್ಟೇ ಇರುತ್ತದೆ, ಬೇಗ ಬರುತ್ತದೆ. ದೊಡ್ಡ ಮಾಡೆಲ್‌ನಿಂದ ಕಲಿಸಿ ಅಂದರೆ ಓಟಗಳು ಮೂವತ್ತೇ. ಹದಿನೈದು ಇಪ್ಪತ್ತು ಪ್ಯಾರಾಮೀಟರ್ (ಬದಲಿಸುವ ಅಂಕಿ) ಇರುವ ಜಾಗದಲ್ಲಿ ಮೂವತ್ತು ಚುಕ್ಕಿ ಅಂದರೆ ಏನೂ ಅಲ್ಲ. ಚುಕ್ಕಿಗಳ ನಡುವೆ ಪರವಾಗಿಲ್ಲ, ಆಚೆ ಹೋದರೆ ಅದು ಏನು ಹೇಳುತ್ತದೋ ಅದಕ್ಕೇ ಗೊತ್ತು.

ನಿಮ್ಮ ಹತ್ಯಾರನ್ನು ಬೇರೆ ಕಡೆ ಬಳಸಿ. ಉತ್ಪಾದನೆಯನ್ನು ಊಹಿಸುವ ಬದಲು *ವ್ಯತ್ಯಾಸ*ವನ್ನು ಊಹಿಸಲಿ. ವ್ಯತ್ಯಾಸ ಸಾಮಾನ್ಯವಾಗಿ ಚಿಕ್ಕದು, ನಯವಾಗಿ ಬದಲಾಗುತ್ತದೆ, ಕಡಿಮೆ ಚುಕ್ಕಿಯಲ್ಲಿ ಹಿಡಿಯಬಹುದು. ಇದಕ್ಕೆ ನಾನಾಗಿದ್ದರೆ ನ್ಯೂರಲ್ ನೆಟ್‌ವರ್ಕ್ ಬಿಟ್ಟು ಗಾಸಿಯನ್ ಪ್ರೋಸೆಸ್ ಹಾಕುತ್ತೇನೆ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಿಗಾಗಿ ಡ್ಯಾನಿ ಕ್ರಿಗೆ 1951ರಲ್ಲಿ ಶುರು ಮಾಡಿದ ಲೆಕ್ಕದ ಮನೆತನ ಅದು, ಕ್ರಿಗಿಂಗ್ ಅಂತಾರೆ. ಚುಕ್ಕಿಯಿಂದ ದೂರ ಹೋದಷ್ಟೂ ‘ನನಗೆ ಇಲ್ಲಿ ಗೊತ್ತಿಲ್ಲ’ ಅಂತ ಅದೇ ಹೇಳುತ್ತದೆ. ನಮಗೆ ಬೇಕಾಗಿರುವುದೇ ಅದು.

ಕುವೆಂಪುನಗರ ಎಂಎಲ್

ವ್ಯತ್ಯಾಸ ಕಲಿಯೋದು ಒಳ್ಳೆ ಐಡಿಯಾ ಮೇಡಂ, ಒಪ್ಪಿದೆ. ಮಲ್ಟಿಲೆವೆಲ್ ಮಾಂಟೆ ಕಾರ್ಲೋ ಅಂತ ಮೈಕ್ ಗೈಲ್ಸ್ 2008ರಲ್ಲಿ ಬರೆದದ್ದೂ ಇದೇ ಜಾತಿಯದಲ್ವಾ? ಒರಟು ಲೆಕ್ಕ ತುಂಬಾ ಸಲ, ಒರಟಿಗೂ ನುಣ್ಣಗಿನದಕ್ಕೂ ವ್ಯತ್ಯಾಸ ಕೆಲವೇ ಸಲ, ಎರಡರ ಸರಾಸರಿ ಕೂಡಿಸುವುದು.

ಗಂಗೋತ್ರಿ ಸ್ಟ್ಯಾಟ್ಸ್

ಅದೇ ಜಾತಿ. ಅವರದು ಸರಾಸರಿಯನ್ನು ಅಗ್ಗದಲ್ಲಿ ತೆಗೆಯುವ ದಾರಿ. ಇಲ್ಲಿ ಹಳೆಯ ಲೆಕ್ಕಕ್ಕೆ ಹೊಂದಿಸುವ ಕೆಲಸವೂ ಸೇರಿರುವುದರಿಂದ ಸ್ವಲ್ಪ ಜಾಸ್ತಿ ಜಟಿಲ.

ಹೂಟಗಳ್ಳಿ ಕೋಡರ್

ದೊಡ್ಡ ಮಾಡೆಲ್‌ನ ಕೆಲವು ಓಟ ಈಗಾಗಲೇ ನಮ್ಮಲ್ಲಿ ಬಿದ್ದಿದ್ದವು, ಬೇರೆ ಕೆಲಸಕ್ಕೆ ಮಾಡಿದ್ದು. ಅದೇ ಪ್ಯಾರಾಮೀಟರ್‌ಗಳಲ್ಲಿ ಸಣ್ಣದನ್ನು ಓಡಿಸಿ ಪಕ್ಕದಲ್ಲಿಟ್ಟು ನೋಡಿದೆ. ವಿಚಿತ್ರ ಅಂದರೆ ಒಂದು ಬಾವಿಯಲ್ಲಿ ಸಣ್ಣ ಮಾಡೆಲ್ ನೀರನ್ನು ಬೇಗ ತರುತ್ತದೆ, ಇನ್ನೊಂದರಲ್ಲಿ ತಡವಾಗಿ. ಒಂದೇ ಬಾವಿಯಲ್ಲೂ ಮೊದಲು ಜಾಸ್ತಿ ತೋರಿಸಿ ಆಮೇಲೆ ಕಡಿಮೆ ತೋರಿಸುತ್ತದೆ. ಹೀಗಾದರೆ ‘ಇಷ್ಟು ಕಳೆ’ ಅಂತ ತಿದ್ದುವುದು ಹೇಗೆ?

ಗಲ್ಫ್ ರಿಟರ್ನ್, ಮಂಡ್ಯ

ವಿಚಿತ್ರ ಏನಿಲ್ಲ. ಎರಡು ತಪ್ಪು ಒಂದಕ್ಕೊಂದು ಎದುರಾಗಿ ಎಳೆಯುತ್ತಿವೆ.

ಒಂದು, ಸೆಲ್ ದೊಡ್ಡದಾದಾಗ ನೀರಿನ ಮುಂಚೂಣಿ ಕದಡಿಹೋಗುತ್ತದೆ. ನಿಜವಾದ ಕಲ್ಲಿನಲ್ಲಿ ಇಂಜೆಕ್ಷನ್ ಬಾವಿಯಿಂದ ಬಿಟ್ಟ ನೀರು ಎಣ್ಣೆಯನ್ನು ತಳ್ಳಿಕೊಂಡು ಬರುವಾಗ ನೀರು ಎಲ್ಲಿ ನಿಂತಿತು, ಎಣ್ಣೆ ಎಲ್ಲಿ ಶುರುವಾಯಿತು ಅನ್ನುವುದು ಸುಮಾರು ಚೂಪಾಗಿರುತ್ತದೆ. ಬಕ್ಲಿ ಮತ್ತು ಲೆವೆರೆಟ್ 1942ರಲ್ಲೇ ಇದರ ಗಣಿತ ಕೊಟ್ಟಿದ್ದಾರೆ. ಆದರೆ ನೂರಾರು ಮೀಟರ್ ಅಗಲದ ಸೆಲ್‌ನಲ್ಲಿ ಒಂದು ಮೂಲೆಗೆ ನೀರು ತಾಗಿದ ತಕ್ಷಣ ಲೆಕ್ಕದಲ್ಲಿ ಇಡೀ ಸೆಲ್ ಒದ್ದೆ, ಅಲ್ಲಿಂದ ಮುಂದಿನ ಸೆಲ್‌ಗೆ ಸೋರಲು ಶುರು. ಹಾಗಾಗಿ ನೀರು ಬಾವಿಗೆ ಬೇಗ ತಲುಪುತ್ತದೆ.

ಎರಡು, ಸೆಲ್‌ಗಳನ್ನು ಗುಂಪು ಮಾಡುವಾಗ ಪರ್ಮಿಯಬಿಲಿಟಿಯ ಸರಾಸರಿ ತೆಗೆದಿದ್ದೀರಿ. ಕಲ್ಲಿನೊಳಗೆ ಒಂದೆರಡು ಅಡಿ ದಪ್ಪದ ಒಳ್ಳೆ ಮರಳಿನ ಪದರ ಇದ್ದರೆ ನೀರು ಅದರಲ್ಲೇ ಓಡಿಬರುತ್ತದೆ. ಸರಾಸರಿಯಲ್ಲಿ ಆ ಪದರ ಕರಗಿಹೋಯಿತು. ಈಗ ನೀರು ತಡವಾಗಿ ಬರುತ್ತದೆ. ಯಾವ ಬಾವಿಯ ಹತ್ತಿರ ಇಂಥ ಪದರ ಇದೆಯೋ ಅಲ್ಲಿ ಎರಡನೆಯದು ಗೆಲ್ಲುತ್ತದೆ, ಇಲ್ಲದ ಕಡೆ ಮೊದಲನೆಯದು.

ಈ ಆಟ ಸರಿಯಾಗಿ ನೋಡಬೇಕಾದರೆ ಎಸ್‌ಪಿಇ 10 ಅಂತ ಎಲ್ಲರಿಗೂ ಸಿಗುವ ಮಾಡೆಲ್ ಇದೆ, 2001ರದ್ದು. 60, 220, 85 ಗುಣಿಸಿದರೆ 11 ಲಕ್ಷ 22 ಸಾವಿರ ಸೆಲ್. ನಡುವೆ ಒಂದು ಇಂಜೆಕ್ಷನ್ ಬಾವಿ, ನಾಲ್ಕು ಮೂಲೆಗೆ ನಾಲ್ಕು ಉತ್ಪಾದನಾ ಬಾವಿ. ಮೇಲಿನ 35 ಪದರ ಸಮುದ್ರ ತೀರದ ಮರಳಿನಂತೆ ನಯವಾಗಿದೆ, ಕೆಳಗಿನ 50 ಪದರದಲ್ಲಿ ಹಳೆಯ ನದಿಗಳ ಕಾಲುವೆ. ಮೇಲಿನ ಭಾಗವನ್ನು ಒರಟು ಮಾಡಿದರೆ ಹೇಗೋ ನಡೆಯುತ್ತದೆ, ಕೆಳಗಿನದನ್ನು ಒರಟು ಮಾಡಿದರೆ ಮಾನ ಹೋಗುತ್ತದೆ.

ಶ್ರೀರಂಗಪಟ್ಟಣದ ಭೂವಿಜ್ಞಾನಿ

ಹೌದು, ಅದು ಬ್ರೆಂಟ್ ಕಲ್ಲನ್ನು ನೋಡಿ ಮಾಡಿದ್ದು, ಉತ್ತರ ಸಮುದ್ರದ್ದು. ನಮ್ಮ ಕಾಲ ಕೆಳಗೆ ಇರುವುದು ಸುಮಾರು 300 ಕೋಟಿ ವರ್ಷದ ನೈಸ್ ಅನ್ನುವ ಗಟ್ಟಿ ಕಲ್ಲು, ಇಲ್ಲಿ ಬಾವಿ ಕೊರೆದರೆ ನೀರು ಸಿಕ್ಕರೆ ಪುಣ್ಯ, ಎಣ್ಣೆ ಮಾತು ದೂರ. ಆದ್ದರಿಂದ ಈ ಕಡೆಯವರಿಗೆ ‘ಪದರ’ ಅಂದರೆ ಕಣ್ಣಿಗೆ ಕಟ್ಟುವುದಿಲ್ಲ.

ನನ್ನ ತಕರಾರು ಬೇರೆ. ನೀವೆಲ್ಲ ದೊಡ್ಡ ಮಾಡೆಲ್ಲೇ ಸತ್ಯ ಅನ್ನುವ ಹಾಗೆ ಮಾತಾಡುತ್ತಿದ್ದೀರಿ. ಆ ಹತ್ತು ಲಕ್ಷ ಸೆಲ್ ಯಾರು ತುಂಬಿದರು? ಕೆಲವು ಬಾವಿಯ ಮಾಹಿತಿ, ಮಸುಕಾದ ಸೈಸ್ಮಿಕ್ ಚಿತ್ರ, ಮಿಕ್ಕಿದ್ದು ನಮ್ಮಂಥವರ ಊಹೆ. ಬಾವಿಯಿಂದ ಬಾವಿಗೆ ಒಂದು ಕಿಲೋಮೀಟರ್ ಇದ್ದರೆ ನಡುವಿನದೆಲ್ಲ ಕಂಪ್ಯೂಟರ್ ಹಾಕಿದ ಬಣ್ಣ. ಒರಟಿಗೂ ನುಣ್ಣಗಿನದಕ್ಕೂ ಇರುವ ವ್ಯತ್ಯಾಸ ತಿದ್ದಿದರೆ ನೀವು ತಲುಪುವುದು ನುಣ್ಣಗಿನ ಊಹೆಗೆ.

ಗಂಗೋತ್ರಿ ಸ್ಟ್ಯಾಟ್ಸ್

ಇದು ನ್ಯಾಯವಾದ ಮಾತು ಮೇಡಂ. ಮಾಡೆಲ್‌ಗೂ ಲೋಕಕ್ಕೂ ಇರುವ ಅಂತರಕ್ಕೆ ಬೇರೆ ಪದವನ್ನೇ ಸಮೀಕರಣದಲ್ಲಿ ಇಡಬೇಕು ಅಂತ ಕೆನಡಿ ಮತ್ತು ಓಹೇಗನ್ 2001ರಲ್ಲಿ ವಾದಿಸಿದರು. ಅದನ್ನು ಅಳೆಯಲು ಎರಡನೇ ಮಾಡೆಲ್ ಸಿಗುವುದಿಲ್ಲ, ಹಳೆಯ ಉತ್ಪಾದನೆಯ ಅಂಕಿಗಳೇ ಗತಿ. ಆದರೆ ಅಳೆಯಲು ಆಗುವುದನ್ನು ಮೊದಲು ಅಳೆಯೋಣ. ಗ್ರಿಡ್ಡಿನ ತಪ್ಪನ್ನು ಅಳೆಯಬಹುದು, ಖರ್ಚು ಮೂವತ್ತು ರಾತ್ರಿ. ಅದನ್ನೂ ಬಿಟ್ಟರೆ ಕ್ಷಮೆ ಇಲ್ಲ.

ಶ್ರೀರಂಗಪಟ್ಟಣದ ಭೂವಿಜ್ಞಾನಿ

ಒಪ್ಪುತ್ತೇನೆ, ಆದರೆ ಒಂದೇ ಭೂವಿಜ್ಞಾನದ ಕಥೆ ಇಟ್ಟುಕೊಂಡು ಮೂವತ್ತು ಓಟ ಬೇಡ. ಆ ಫಾಲ್ಟ್ ಮುಚ್ಚಿದೆ ಅನ್ನುವ ಕಥೆ, ತೆರೆದಿದೆ ಅನ್ನುವ ಕಥೆ, ಕಾಲುವೆಗಳು ಕೂಡಿವೆ, ಕೂಡಿಲ್ಲ, ಇವೆಲ್ಲ ಬೇರೆ ಬೇರೆ ಇರಲಿ.

ಲಂಡನ್ನಿನ ಇಂಪೀರಿಯಲ್ ಕಾಲೇಜಿನವರ ಒಂದು ಚಿಕ್ಕ ಮಾಡೆಲ್ ಇದೆ, 2004ರಲ್ಲಿ ಪ್ರಕಟವಾಯಿತು. ಒಂದು ಫಾಲ್ಟ್, ಒಳ್ಳೆ ಮರಳು, ಕೆಟ್ಟ ಮರಳು. ಬದಲಾಯಿಸಲು ಇರುವುದು ಮೂರೇ ಅಂಕಿ: ಫಾಲ್ಟ್ ಎಷ್ಟು ಅಡಿ ಸರಿದಿದೆ, ಎರಡು ಮರಳಿನ ಪರ್ಮಿಯಬಿಲಿಟಿ ಎಷ್ಟು. 36 ತಿಂಗಳ ಉತ್ಪಾದನೆಗೆ ಹೊಂದಿಸಬೇಕು. ಇಷ್ಟು ಸರಳವಾದದ್ದರಲ್ಲೂ ಹಳೆಯ ಲೆಕ್ಕಕ್ಕೆ ತುಂಬಾ ಚೆನ್ನಾಗಿ ಹೊಂದಿದ ಮಾಡೆಲ್ ಮುಂದಿನ ವರ್ಷಗಳನ್ನು ಕೆಟ್ಟದಾಗಿ ಹೇಳಿತು. ನಿಜವಾದ ಫಾಲ್ಟ್ ಸುಮಾರು 10 ಅಡಿ ಸರಿದಿತ್ತು, ಹೊಂದಿದ ಮಾಡೆಲ್‌ನಲ್ಲಿ ಅದು 30 ಅಡಿ ದಾಟಿತ್ತು. ಮೂರು ಅಂಕಿಯ ಕಥೆಯೇ ಹೀಗಾದರೆ ನಿಮ್ಮ ಕ್ಷೇತ್ರದ್ದು ಕೇಳಬೇಕಾ.

ಸುಮ್ನೆ ಓದೋನು

ಅಂದರೆ ಹಳೆಯ ಲೆಕ್ಕ ಸರಿ ಹೊಂದಿದರೆ ಮುಂದಿನದೂ ಸರಿ ಅಂತ ಹೇಳೋ ಹಾಗಿಲ್ಲ? ನಮ್ಮ ಮ್ಯೂಚುವಲ್ ಫಂಡ್ ಜಾಹೀರಾತಿನ ಕೊನೆಯಲ್ಲಿ ಓಡೋಡಿ ಹೇಳುವ ಸಾಲು ಇಲ್ಲಿಗೂ ಬೇಕು ಹಾಗಾದರೆ.

ಹೂಟಗಳ್ಳಿ ಕೋಡರ್

😀 ಹೌದು.

ನನ್ನ ಪಟ್ಟಿ ಯಾಕೆ ಅಷ್ಟು ಕಿರಿದಾಯಿತು ಅನ್ನುವುದು ಇನ್ನೂ ಪೂರ್ತಿ ಬಗೆಹರಿಯಲಿಲ್ಲ. ಗಂಗೋತ್ರಿ ಮೇಡಂ ಹೇಳಿದ ಹಾಗೆ ಜಾಗ ತಪ್ಪಿರಬಹುದು, ಆದರೆ ಅಗಲ ಯಾಕೆ ಹೀಗೆ? ನಾವು ಮಾಡಿದ್ದು ಇಷ್ಟೇ: ಪ್ರತಿ ತಿಂಗಳಿನ ಅಳತೆಗೂ ಮಾಡೆಲ್‌ಗೂ ವ್ಯತ್ಯಾಸ, ಅದರ ವರ್ಗ, ಮೀಟರಿನ ತಪ್ಪಿನ ವರ್ಗದಿಂದ ಭಾಗಿಸಿ, ಎಲ್ಲ ಕೂಡಿಸಿದ್ದು. ಪುಸ್ತಕದಲ್ಲಿ ಇರುವ ಹಾಗೇ.

ಗಂಗೋತ್ರಿ ಸ್ಟ್ಯಾಟ್ಸ್

ಅಲ್ಲೇ ಇದೆ ಗಂಟು. ಹಾಗೆ ಕೂಡಿಸುವಾಗ ಪ್ರತಿ ತಿಂಗಳ ತಪ್ಪೂ ಸ್ವತಂತ್ರ ಅಂತ ಒಪ್ಪಿಕೊಂಡ ಹಾಗೆ. ಮೀಟರಿನ ತಪ್ಪು ಸ್ವತಂತ್ರ ಇರಬಹುದು, ಈ ತಿಂಗಳು ಜಾಸ್ತಿ, ಮುಂದಿನ ತಿಂಗಳು ಕಡಿಮೆ. ಮಾಡೆಲ್‌ನ ತಪ್ಪು ಹಾಗಲ್ಲ. ಜನವರಿಯಲ್ಲಿ ನೀರನ್ನು ಜಾಸ್ತಿ ತೋರಿಸಿದ ಮಾಡೆಲ್ ಫೆಬ್ರವರಿಯಲ್ಲೂ ಜಾಸ್ತಿಯೇ ತೋರಿಸುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಒಂದು ಬಾವಿಗೆ 5 ವರ್ಷದ ಮಾಸಿಕ ಅಂಕಿ, ಒಟ್ಟು 60. ಒಂದು ತಿಂಗಳ ತಪ್ಪಿಗೂ ಮುಂದಿನ ತಿಂಗಳ ತಪ್ಪಿಗೂ ಪರಸ್ಪರ ಸಂಬಂಧ 0.9 ಅಂತಿರಲಿ, ದೂರ ಹೋದಂತೆ ಅದೇ ಪ್ರಮಾಣದಲ್ಲಿ ಕಡಿಮೆಯಾಗಲಿ. ಸರಾಸರಿಯ ಮಟ್ಟಿಗೆ ಆ 60 ಅಂಕಿಗಳ ಬೆಲೆ ಎಷ್ಟು ಸ್ವತಂತ್ರ ಅಂಕಿಗಳಿಗೆ ಸಮ ಗೊತ್ತಾ? 60ನ್ನು 0.1ರಿಂದ ಗುಣಿಸಿ 1.9ರಿಂದ ಭಾಗಿಸಿ. ಸುಮಾರು 3. ನೀವು 60 ಸಾಕ್ಷಿ ಇದ್ದಾರೆ ಅಂತ ತೀರ್ಪು ಕೊಟ್ಟಿರಿ, ಇದ್ದದ್ದು ಮೂವರು. ಪಟ್ಟಿಯ ಅಗಲ ಇದರ ವರ್ಗಮೂಲದಂತೆ ಹೋಗುವುದರಿಂದ ಇರಬೇಕಾದ್ದರ ನಾಲ್ಕನೇ ಒಂದಕ್ಕಿಂತಲೂ ಕಿರಿದಾಗಿ ಬಂದಿರುತ್ತದೆ. ಇದರ ಮೇಲೆ, ಮೀಟರಿನ ತಪ್ಪು ನೂರಕ್ಕೆ ಎರಡು ಮೂರು ಇರಬಹುದು, ಗ್ರಿಡ್ಡಿನ ತಪ್ಪು ಅದಕ್ಕಿಂತ ಎಷ್ಟೋ ದೊಡ್ಡದು. ನೀವು ಭಾಗಿಸಿದ್ದು ಸಣ್ಣದರಿಂದ.

ಹಾಗಾಗಿ ಮೂವತ್ತು ಜೋಡಿ ಓಟದಿಂದ ಎರಡು ಸಂಗತಿ ತೆಗೆಯಿರಿ. ಪ್ರತಿ ತಿಂಗಳೂ ವ್ಯತ್ಯಾಸದ ಸರಾಸರಿ ಎಷ್ಟು. ಒಂದು ತಿಂಗಳ ವ್ಯತ್ಯಾಸ ಇನ್ನೊಂದು ತಿಂಗಳ ವ್ಯತ್ಯಾಸದ ಜೊತೆ ಹೇಗೆ ಕೂಡಿ ಏರಿಳಿಯುತ್ತದೆ, ಅಂದರೆ ಕೋವೇರಿಯನ್ಸ್ ಮ್ಯಾಟ್ರಿಕ್ಸ್. ಸರಾಸರಿಯನ್ನು ಸಣ್ಣ ಮಾಡೆಲ್‌ನ ಉತ್ತರಕ್ಕೆ ಸೇರಿಸಿ, ಮ್ಯಾಟ್ರಿಕ್ಸನ್ನು ಮೀಟರಿನ ತಪ್ಪಿಗೆ ಸೇರಿಸಿ, ಆಮೇಲೆ ಹಿಸ್ಟರಿ ಮ್ಯಾಚ್ ಮಾಡಿ. ಒಂದು ಎಚ್ಚರಿಕೆ, 30 ಓಟದಿಂದ 60 ತಿಂಗಳ ಪೂರ್ತಿ ಮ್ಯಾಟ್ರಿಕ್ಸ್ ಸಿಗುವುದಿಲ್ಲ. ಅದರ ವಿಲೋಮ (ಇನ್ವರ್ಸ್) ತೆಗೆಯಲು ಹೋದರೆ ಪ್ರೋಗ್ರಾಮ್ ಬೀಳುತ್ತದೆ. ಸಂಬಂಧ ದೂರಕ್ಕೆ ಕರಗುವ ಸರಳ ರೂಪವೊಂದನ್ನು ಹೊಂದಿಸಿ, ಇಲ್ಲವೇ ಮುಖ್ಯವಾದ ಮೂರು ನಾಲ್ಕು ದಿಕ್ಕು ಮಾತ್ರ ಇಟ್ಟುಕೊಳ್ಳಿ.

ಗಲ್ಫ್ ರಿಟರ್ನ್, ಮಂಡ್ಯ

ಮೇಡಂ ಲೆಕ್ಕ ಚೆನ್ನಾಗಿದೆ, ಆದರೆ ಒಂದು ಮಾತು ಹೇಳಲೇಬೇಕು. ಎಷ್ಟೋ ಸಲ ಗ್ರಿಡ್ಡೇ ಬೇಡ. ಆರ್ಪ್ಸ್ 1945ರಲ್ಲಿ ಕೊಟ್ಟ ಇಳಿಕೆಯ ಗೆರೆ, ಇಲ್ಲವೇ ಇಡೀ ಕ್ಷೇತ್ರವನ್ನು ಒಂದೇ ಟ್ಯಾಂಕ್ ಅಂತ ಹಿಡಿದು ಒಳಗೆ ಹೋದದ್ದು, ಹೊರಗೆ ಬಂದದ್ದು ತಾಳೆ ನೋಡುವ ಮೆಟೀರಿಯಲ್ ಬ್ಯಾಲೆನ್ಸ್, ಇವು ಸಾಕಾಗುತ್ತವೆ. ಬಾವಿಗಳ ಸಂಖ್ಯೆ, ಪಂಪಿನ ಒತ್ತಡ ಬದಲಾಗದೆ ಇರುವ ಹಳೆಯ ಕ್ಷೇತ್ರಕ್ಕೆ ನಾನು ಇಂದಿಗೂ ಆರ್ಪ್ಸ್ ಗೆರೆಯನ್ನೇ ಮೊದಲು ಎಳೆಯುತ್ತೇನೆ.

ಗಂಗೋತ್ರಿ ಸ್ಟ್ಯಾಟ್ಸ್

ಬದಲಾಗದೆ ಇದ್ದರೆ ಸರಿ ಸಾರ್. ಆದರೆ ಗ್ರಾಹಕರು ದುಡ್ಡು ಕೊಟ್ಟು ಕೇಳುವುದು ‘ಎರಡು ಹೊಸ ಬಾವಿ ಕೊರೆದರೆ ಏನಾಗುತ್ತದೆ’ ಅಂತ. ಅದನ್ನು ಆ ಗೆರೆ ಹೇಗೆ ಹೇಳುತ್ತದೆ?

ಗಲ್ಫ್ ರಿಟರ್ನ್, ಮಂಡ್ಯ

ಹೇಳುವುದಿಲ್ಲ. ಅದು ನಿಜ. ಆದರೂ ನಿಮ್ಮ ಗ್ರಿಡ್ ಕೊಟ್ಟ ಉತ್ತರ ಆ ಗೆರೆಯಿಂದ ತೀರಾ ದೂರ ಇದ್ದರೆ ಯಾಕೆ ಅಂತ ವಿವರಿಸಲು ಬರಬೇಕು.

ಕುವೆಂಪುನಗರ ಎಂಎಲ್

ಇದೆಲ್ಲ ಮಾಡಿದ ಮೇಲೆ ಪಟ್ಟಿ ಅಗಲವಾಗುತ್ತದೆ. ಮ್ಯಾನೇಜರ್ ‘ಮೊದಲಿನದೇ ಚೆನ್ನಾಗಿತ್ತು’ ಅನ್ನುತ್ತಾರೆ. ಕಿರಿದಾದ ಪಟ್ಟಿ ಕೊಟ್ಟವನೇ ಜಾಣ ಅಂತ ಆಗಿದೆಯಲ್ಲ.

ಗಲ್ಫ್ ರಿಟರ್ನ್, ಮಂಡ್ಯ

ಈ ರೋಗ ಹಳೆಯದು. ಎಡ್ ಕ್ಯಾಪೆನ್ ಅನ್ನುವವರು 1976ರಲ್ಲಿ ಎಣ್ಣೆ ಎಂಜಿನಿಯರ್‌ಗಳಿಗೇ ಪ್ರಶ್ನೆ ಕೊಟ್ಟು, ನೂರಕ್ಕೆ ಇಷ್ಟು ಖಾತ್ರಿ ಇರುವ ಹಾಗೆ ಅಂಕಿಯ ಪಟ್ಟಿ ಬರೆಯಿರಿ ಅಂದರು. ನೂರಕ್ಕೆ 90 ಖಾತ್ರಿ ಅಂತ ಬರೆದ ಪಟ್ಟಿಗಳಲ್ಲೂ ನಿಜವಾದ ಉತ್ತರ ಬಿದ್ದದ್ದು ಮೂರನೇ ಒಂದು ಭಾಗದಷ್ಟು ಸಲ. ಕಂಪ್ಯೂಟರ್ ಬಂದ ಮೇಲೆ ಅದೇ ಹಮ್ಮು ಬಣ್ಣಬಣ್ಣದ ಚಿತ್ರದಲ್ಲಿ ಬರುತ್ತಿದೆ.

ನಮ್ಮ ದೇಶದ್ದೇ ನೋಡಿ. ಕೃಷ್ಣಾ–ಗೋದಾವರಿ ಕಡಲಿನ ಕೆಜಿ-ಡಿ6ರಲ್ಲಿ 2009ರ ಏಪ್ರಿಲ್‌ನಲ್ಲಿ ಗ್ಯಾಸ್ ಶುರುವಾಯಿತು. ದಿನಕ್ಕೆ 8 ಕೋಟಿ ಘನ ಮೀಟರ್ ಬರುತ್ತದೆ ಅಂತ ಯೋಜನೆ. 2010ರಲ್ಲಿ 6 ಕೋಟಿ ದಾಟಿದ್ದೇ ಶಿಖರ. 2013ರ ಹೊತ್ತಿಗೆ ಅದರ ಮೂರನೇ ಒಂದರಷ್ಟೂ ಇರಲಿಲ್ಲ. ಕಲ್ಲು ಅಂದುಕೊಂಡದ್ದಕ್ಕಿಂತ ಜಟಿಲ ಅಂತ ಕಂಪನಿ, ಹೇಳಿದಷ್ಟು ಬಾವಿ ಕೊರೆಯಲಿಲ್ಲ ಅಂತ ಸರ್ಕಾರದ ಕಡೆಯವರು. ಜಗಳದಲ್ಲಿ ಯಾರು ಸರಿ ಅನ್ನುವುದು ಇಲ್ಲಿ ಬೇಡ. ಆ ಗ್ಯಾಸನ್ನು ನಂಬಿ ಕಟ್ಟಿದ ವಿದ್ಯುತ್ ಸ್ಥಾವರಗಳು ಗ್ಯಾಸ್ ಇಲ್ಲದೆ ನಿಂತವು. ಮುಂದಿನವರು ನಮ್ಮ ಅಂಕಿಯ ಮೇಲೆ ಸಾಲ ಎತ್ತಿ ಕಟ್ಟುತ್ತಾರೆ ಕಣಪ್ಪ, ಅದಕ್ಕೇ ಇಷ್ಟು ಹೇಳುತ್ತಿರುವುದು.

ಸುಮ್ನೆ ಓದೋನು

ಸಾಲ ಕೊಡುವ ಕಡೆಯಿಂದ ಹೇಳುತ್ತೇನೆ, ನಮಗೆ ಪಟ್ಟಿ ಅಗಲ ಇದ್ದರೆ ತೊಂದರೆ ಇಲ್ಲ. ಕೆಳಗಿನ ಅಂಕಿ ನಿಜ ಇರಬೇಕು ಅಷ್ಟೇ. ಕಂತು ಕಟ್ಟೋದು ಅದರಿಂದ.

ಹೂಟಗಳ್ಳಿ ಕೋಡರ್

ಇದನ್ನು ಹೀಗೇ ಮ್ಯಾನೇಜರ್‌ಗೆ ಹೇಳುತ್ತೇನೆ ಸಾರ್.

ಈಗ ಓಟಗಳ ಯೋಜನೆ. ಪ್ರತಿ ಪ್ಯಾರಾಮೀಟರ್‌ನ ಇಡೀ ಹರವಿನಲ್ಲೂ ಸಮನಾಗಿ ಹರಡುವ ಹಾಗೆ ಲ್ಯಾಟಿನ್ ಹೈಪರ್‌ಕ್ಯೂಬ್‌ನಿಂದ ಚುಕ್ಕಿ ಆರಿಸುತ್ತೇನೆ. ಹಳೆಯ 5 ವರ್ಷಕ್ಕೆ ಮಾತ್ರ ದೊಡ್ಡ ಮಾಡೆಲ್ ಓಡಿಸಿದರೆ ಸಮಯ ಉಳಿಯುತ್ತದೆ, ಅಲ್ಲಿ ಕಲಿತ ವ್ಯತ್ಯಾಸವನ್ನೇ ಮುಂದಿನ 10 ವರ್ಷಕ್ಕೂ ಎಳೆದರೆ ಆಗುತ್ತದಲ್ವಾ?

ಗಲ್ಫ್ ರಿಟರ್ನ್, ಮಂಡ್ಯ

ಆಗಲ್ಲ! ಹಳೆಯ 5 ವರ್ಷದಲ್ಲಿ ಅರ್ಧ ಬಾವಿಗಳಿಗೆ ನೀರೇ ಬಂದಿರುವುದಿಲ್ಲ. ಗ್ರಿಡ್ಡಿನ ತಪ್ಪು ಬಲವಾಗಿ ಕಾಣುವುದೇ ನೀರು ಬಂದ ಮೇಲೆ. 15 ವರ್ಷವೂ ಓಡಿಸು. ಹೊಸ ಬಾವಿ ಎಲ್ಲಿ ಕೊರೆಯುವ ಯೋಚನೆ ಇದೆಯೋ ಆ ಬಾವಿಗಳನ್ನೂ ದೊಡ್ಡ ಮಾಡೆಲ್‌ನಲ್ಲಿ ಹಾಕೇ ಓಡಿಸು. ಹೊಸ ಬಾವಿಯ ಹತ್ತಿರದ ವ್ಯತ್ಯಾಸವನ್ನು ಹಳೆಯ ಬಾವಿಯಿಂದ ಕಲಿಯಲು ಬರುವುದಿಲ್ಲ. ಅಲ್ಲಿ ಉಳಿದಿರುವ ಎಣ್ಣೆ ಸಣ್ಣಸಣ್ಣ ಜೇಬುಗಳಲ್ಲಿ ಇರುತ್ತದೆ, ಒರಟು ಸೆಲ್‌ಗೆ ಅದು ಕಾಣುವುದೇ ಇಲ್ಲ.

ಗಂಗೋತ್ರಿ ಸ್ಟ್ಯಾಟ್ಸ್

ಜೊತೆಗೆ ಐದಾರು ಜೋಡಿ ಓಟಗಳನ್ನು ಕಲಿಕೆಗೆ ಬಳಸದೆ ಪಕ್ಕಕ್ಕಿಡಿ. ವ್ಯತ್ಯಾಸದ ಮಾಡೆಲ್ ಸಿದ್ಧವಾದ ಮೇಲೆ ಅವುಗಳ ಮೇಲೆ ಪರೀಕ್ಷೆ ಮಾಡಿ. ಇನ್ನೊಂದು ಪರೀಕ್ಷೆ: 5 ವರ್ಷದ ಅಂಕಿಯಲ್ಲಿ ಮೊದಲ 3 ವರ್ಷಕ್ಕೆ ಮಾತ್ರ ಹೊಂದಿಸಿ, ಉಳಿದ 2 ವರ್ಷವನ್ನು ಊಹಿಸಿ. ಎಲ್ಲ ಬಾವಿಗಳ ಅಂಕಿ ನೋಡಿದಾಗ ಪಿ10–ಪಿ90 ಒಳಗೆ ನೂರಕ್ಕೆ 80ರ ಹತ್ತಿರ ಬೀಳಬೇಕು. 40 ಬಿದ್ದರೆ ಪಟ್ಟಿ ಇನ್ನೂ ಕಿರಿದು. ಎಲ್ಲ ನೂರೂ ಬಿದ್ದರೂ ಸಂತೋಷ ಬೇಡ, ವಿನಾಕಾರಣ ಅಗಲ ಮಾಡಿದ್ದೀರಿ ಅಂತ ಅರ್ಥ.

ಶ್ರೀರಂಗಪಟ್ಟಣದ ಭೂವಿಜ್ಞಾನಿ

ನಿಜ ಗೊತ್ತಿರುವ ಮಾಡೆಲ್ ಮೇಲೆ ಒಮ್ಮೆ ಇಡೀ ವಿಧಾನ ಓಡಿಸಿ ನೋಡಿ. ಪಂಕ್-ಎಸ್3 ಅಂತ ಇದೆ, ಯುರೋಪಿನವರು ಮಾಡಿದ್ದು. 19, 28, 5 ಅಂದರೆ 2660 ಸೆಲ್, ಲ್ಯಾಪ್‌ಟಾಪಿನಲ್ಲಿ ಓಡುತ್ತದೆ. 6 ಬಾವಿ, 8 ವರ್ಷದ ಅಂಕಿ ಕೊಟ್ಟು 16.5 ವರ್ಷದ ಕೊನೆಗೆ ಒಟ್ಟು ಎಣ್ಣೆ ಎಷ್ಟು ಅಂತ ಕೇಳಿದರು. ಒಂದೇ ಮಾಹಿತಿ ಇಟ್ಟುಕೊಂಡು ಬೇರೆ ಬೇರೆ ಗುಂಪುಗಳು ಕೊಟ್ಟ ಪಟ್ಟಿಗಳು ಒಂದಕ್ಕೊಂದು ತಾಳೆ ಆಗಲಿಲ್ಲ. ಅದಕ್ಕಿಂತ ಒಳ್ಳೆ ಪಾಠಶಾಲೆ ಇಲ್ಲ. ನಿಜ ಕ್ಷೇತ್ರದ ಅಂಕಿ ಬೇಕೆಂದರೆ ನಾರ್ವೆಯ ವೋಲ್ವೆ ಇದೆ, 2018ರಲ್ಲಿ ಎಲ್ಲರಿಗೂ ತೆರೆದಿಟ್ಟರು.

ಹೂಟಗಳ್ಳಿ ಕೋಡರ್

ಪಂಕ್-ಎಸ್3 ಇಳಿಸಿಕೊಳ್ಳುತ್ತೇನೆ. ದೊಡ್ಡ ಮಾಡೆಲ್‌ಗೆ ಸರ್ವರ್ ರಾತ್ರಿ ಹೊತ್ತು ಖಾಲಿ ಇರುತ್ತದೆ, ಒಂದು ತಿಂಗಳಲ್ಲಿ ಮುಗಿಯಬಹುದು.

ಕೊನೆಯ ಪ್ರಶ್ನೆ. ಎಷ್ಟು ಪಟ್ಟಿ ಕೊಟ್ಟರೂ ಗ್ರಾಹಕರು ಒಂದೇ ಅಂಕಿ ಬೇಕು ಅನ್ನುತ್ತಾರೆ. ಪಕ್ಕದ ಎರಡು ಕ್ಷೇತ್ರದ ಅಂಕಿಗೆ ಇದನ್ನು ಕೂಡಿಸಬೇಕಂತೆ. ಪಿ50, ಅಂದರೆ ನಡುವಿನ ಅಂಕಿ ಕೊಡಲಾ?

ಗಂಗೋತ್ರಿ ಸ್ಟ್ಯಾಟ್ಸ್

ಕೂಡಿಸಲು ಅಂದರೆ ಸರಾಸರಿ ಕೊಡಿ. ಮೂರು ಕ್ಷೇತ್ರದ ಸರಾಸರಿ ಕೂಡಿಸಿದರೆ ಒಟ್ಟಿನ ಸರಾಸರಿ ಬರುತ್ತದೆ, ಅವು ಒಂದಕ್ಕೊಂದು ಸಂಬಂಧ ಇರಲಿ ಬಿಡಲಿ. ಪಿ50ಗಳು ಹಾಗೆ ಕೂಡುವುದಿಲ್ಲ. ಪಿ90ಗಳನ್ನಂತೂ ಕೂಡಲೇಬೇಡಿ. ಮೂರೂ ಕ್ಷೇತ್ರ ಒಟ್ಟಿಗೇ ಕೈಕೊಡುವ ಸಾಧ್ಯತೆ ಕಡಿಮೆ, ಹಾಗಾಗಿ ಕೂಡಿಸಿ ಬಂದ ಅಂಕಿ ನಿಜವಾದ ಪಿ90ಗಿಂತ ಕೆಳಗೆ ಇಳಿದಿರುತ್ತದೆ. ಆದರೆ ಮೂರನ್ನೂ ಇದೇ ಒರಟು ಗ್ರಿಡ್ಡಿನಲ್ಲಿ ಲೆಕ್ಕ ಮಾಡಿದ್ದರೆ ಮೂರರ ತಪ್ಪೂ ಒಂದೇ ಕಡೆಗೆ ವಾಲಿರಬಹುದು, ಆಗ ಆ ಸಮಾಧಾನವೂ ಇಲ್ಲ. ಪಕ್ಕದ ಎರಡನ್ನು ಯಾವ ಗ್ರಿಡ್ಡಿನಲ್ಲಿ ಮಾಡಿದ್ದಾರೆ ಅಂತ ಮೊದಲು ಕೇಳಿ.

ಹೂಟಗಳ್ಳಿ ಕೋಡರ್

ಕೇಳಿದೆ ಮೇಡಂ. ಮೂರೂ ಒಂದೇ ಟೀಮಿನ ಕೆಲಸ, ಸೆಲ್ ಅಳತೆಯೂ ಒಂದೇ. ಅವರ ದೊಡ್ಡ ಮಾಡೆಲ್‌ಗಳನ್ನೂ ಕಳಿಸಲು ಹೇಳಿದ್ದೇನೆ.